ಗಾಯೊ ಮಳೆಯಲ್ಲಿ ಪಾರ್ಚ್‌ಮೆಂಟ್ ಒಣಗಿಸಿದ್ದು: ನನ್ನ ಅನುಭವ

"ಇಲ್ಲಿ ಪಾರ್ಚ್‌ಮೆಂಟ್ ಒಣಗಲ್ಲ, ಬೂಸ್ಟು ಹಿಡಿಯುತ್ತೆ ಅಷ್ಟೇ" ಅಂತ ಊರಿನ ಟೋಕೆ ನಕ್ಕಿದ್ದು 2017ರಲ್ಲಿ. ಟೋಕೆ ಅಂದರೆ ಇಲ್ಲಿಯ, ಅಂದರೆ ಇಂಡೋನೇಷ್ಯಾದ ಗಾಯೊ ಮಲೆನಾಡಿನ, ಕಾಫಿ ವ್ಯಾಪಾರಿ. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ತೊಗಟೆ ತೆಗೆದ, ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜ. ಮೂಡಿಗೆರೆಯಿಂದ ಅಪ್ಪನೂ ಫೋನಿನಲ್ಲಿ ಅದನ್ನೇ ಹೇಳಿದ್ದರು. "ಕುಯ್ಲಿನ ಹೊತ್ತಿಗೇ ಮಳೆ ಹೊಡೆಯೋ ಊರಲ್ಲಿ ಕಣ ಹಾಕ್ತೀಯಾ? ಬುದ್ಧಿ ಇದೆಯಾ?" ಮೊದಲ ಸೀಸನ್ ಕೈಕೊಟ್ಟಿತು, ಆಮೇಲಿಂದ ಒಣಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಊರು ಇರೋದು ಸುಮಾತ್ರಾದ ಉತ್ತರ ತುದಿಯ ಆಚೆ ಪ್ರಾಂತ್ಯದಲ್ಲಿ. ಮೊದಲ ಸಲ ಅಮ್ಮನಿಗೆ "ಆಚೆ ಇದ್ದೀನಿ" ಅಂದಾಗ "ಇಷ್ಟು ಹೊತ್ತಲ್ಲಿ ಆಚೆ ಏನ್ ಕೆಲಸ, ಒಳಗೆ ಹೋಗು" ಅಂದಿದ್ದರು. ಕರಾವಳಿಯ ಬಿರೆಉನ್‌ನಿಂದ ನೂರು ಕಿಲೋಮೀಟರ್ ಘಾಟಿ ಹತ್ತಿದರೆ ತಾಕೆಂಗೊನ್ ಪೇಟೆ, ಅದರ ಮಗ್ಗುಲಿಗೇ ಲೂತ್ ತಾವರ್ ಅನ್ನುವ ದೊಡ್ಡ ಸರೋವರ. ಅಲ್ಲಿಂದ ಜಾಗೊಂಗ್ ಜೆಗೆತ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಹೆಸರು ಬರೆಯಲ್ಲ. ಬರೆದರೆ ಮುಂದಿನ ಕುಯ್ಲಿಗೆ ನನಗಿಂತ ಮುಂಚೆ ಇನ್ಯಾರೋ ಅಲ್ಲಿ ಹಣ್ಣು ಕೊಳ್ಳುತ್ತಿರುತ್ತಾರೆ.

ಎತ್ತರ 1,500 ಮೀಟರ್ ಹತ್ತಿರ. ನೂರಿಪ್ಪತ್ತು ಮನೆ ಇರಬಹುದು. ಅರ್ಧ ಗಾಯೊ ಜನ, ಇನ್ನರ್ಧ 1980ರ ದಶಕದಲ್ಲಿ ಸರ್ಕಾರದ ವಲಸೆ ಯೋಜನೆಯಲ್ಲಿ ಜಾವಾದಿಂದ ಬಂದವರು. ಒಬ್ಬೊಬ್ಬರಿಗೆ ಒಂದು, ಒಂದೂವರೆ ಹೆಕ್ಟೇರ್ ಅರೇಬಿಕಾ. ನೆರಳಿಗೆ ಲಾಮ್ತೊರೊ, ಅಂದರೆ ನಮ್ಮ ಸುಬಾಬುಲ್. ಮಧ್ಯೆ ಮಧ್ಯೆ ಬೆಣ್ಣೆಹಣ್ಣು. ಸಿಲ್ವರ್ ಓಕ್ ಇಲ್ಲ, ಅದಕ್ಕೆ ಹಬ್ಬಿಸಿದ ಮೆಣಸೂ ಇಲ್ಲ. ನಮ್ಮ ಕಣ್ಣಿಗೆ ತೋಟ ಬೋಳು ಬೋಳು. ಕಾಫಿಯನ್ನು ಹಳಬರು ಸಿತಿ ಕೆವೆ ಅನ್ನುತ್ತಾರೆ. ಗಿಡವನ್ನು ಗಾಳಿಗೆ ಕೊಟ್ಟು ಮದುವೆ ಮಾಡಿಸುವ ಮಂತ್ರವೇ ಇದೆ, ನೀರು ಮದುವೆ ಮಾಡಿಕೊಡುವ ಹಿರಿಯ, ಮಣ್ಣು, ಸೂರ್ಯ ಸಾಕ್ಷಿ. ಹುಡುಗರಿಗೆ ಅದು ಬರಲ್ಲ. ನನ್ನ ಪಾಲುದಾರನ ಅತ್ತೆಗೆ ಬರುತ್ತದೆ.

ಇಲ್ಲಿಯ ಪದ್ಧತಿ ಗಿಲಿಂಗ್ ಬಾಸಾ, ಅಂದರೆ ಹಸಿಯಲ್ಲೇ ಸಿಪ್ಪೆ ಬಿಡಿಸೋದು. ಇವತ್ತು ಕುಯ್ದ ಹಣ್ಣನ್ನು ಸಂಜೆ ಕೈ ಪಲ್ಪರ್‌ಗೆ, ಅಂದರೆ ತೊಗಟೆ ಬಿಡಿಸೋ ಯಂತ್ರಕ್ಕೆ ಹಾಕುತ್ತಾರೆ. ರಾತ್ರಿ ಚೀಲದಲ್ಲೋ ಬಕೆಟ್‌ನಲ್ಲೋ ಬಿಡುತ್ತಾರೆ. ಬೆಳಗ್ಗೆ ತೊಳೆದು ನಾಲ್ಕು ಗಂಟೆ ಬಿಸಿಲು ತೋರಿಸಿ, ಇನ್ನೂ ನೀರು ಸುರಿಯೋ ಪಾರ್ಚ್‌ಮೆಂಟನ್ನು ಟೋಕೆಗೆ ಅಳೆದು ಕೊಟ್ಟರೆ ಮುಗಿಯಿತು. ಅಳೆಯೋದು ಬಾಂಬುವಿನಲ್ಲಿ, ನಮ್ಮ ಸೇರಿನ ತರ, ಎರಡು ಲೀಟರ್ ಹಿಡಿಯುತ್ತದೆ. ಆಮೇಲೆ ಹಸಿ ಬೀಜವನ್ನೇ ಒಳಸಿಪ್ಪೆ ಬಿಡಿಸೋ ಹಲ್ಲರ್‌ಗೆ ಹಾಕುತ್ತಾರೆ. ಅದು ಬೆಣ್ಣೆಯಷ್ಟು ಮೆತ್ತಗಿರುತ್ತದೆ. ಹಲ್ಲರ್ ತುದಿ ಸೀಳಿದ್ದನ್ನು ಅಂಗೈಯಲ್ಲಿಟ್ಟು ನೋಡಿದರೆ ಥೇಟ್ ಆಡಿನ ಗೊರಸು. ಆಡಿನ ಉಗುರು ಅಂತಲೇ ಅದಕ್ಕೆ ಹೆಸರು. ಬಣ್ಣ ನೀಲಿ ಹಸಿರು. ಆ ಮಣ್ಣು, ಸಾಂಬಾರ ಪದಾರ್ಥದ ರುಚಿಗೇ ಸುಮಾತ್ರಾ ಕಾಫಿ ಹೆಸರಾಗಿದ್ದು, ನಾನು ಹೀಯಾಳಿಸುತ್ತಿಲ್ಲ. ಆದರೆ ನಮ್ಮ ಕಡೆ ಮಾಡೋ ಹಾಗೆ ಪಾರ್ಚ್‌ಮೆಂಟ್‌ನಲ್ಲೇ ಪೂರ್ತಿ ಒಣಗಿಸಿದರೆ ಇದೇ ಹಣ್ಣು ಏನು ಹೇಳುತ್ತೆ ಅಂತ ತಲೆಗೆ ಹುಳ ಬಿಟ್ಟುಕೊಂಡೆ.

ಮೊದಲ ಸೀಸನ್ ಪೂರ್ತಿ ಮಣ್ಣು. ಬೀಜದ ಮೇಲಿನ ಅಂಟು ಹುಳಿತು ಬಿಡಲಿ ಅಂತ ಮೂಡಿಗೆರೆ ಲೆಕ್ಕದಲ್ಲಿ ಇಪ್ಪತ್ತು ಗಂಟೆ ತೊಟ್ಟಿಯಲ್ಲಿ ಬಿಟ್ಟು ತೊಳೆದೆ. ಇಲ್ಲಿ ರಾತ್ರಿ ಹದಿನಾಲ್ಕು, ಹದಿನೈದು ಡಿಗ್ರಿ. ಅಂಟು ಬಿಟ್ಟೇ ಇರಲಿಲ್ಲ. ಕೈಯಲ್ಲಿ ಉಜ್ಜಿದರೆ ಜಾರುತ್ತಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಒಣಗಿದ ಮೇಲೆ ಕಾಳುಗಳು ಒಂದಕ್ಕೊಂದು ಅಂಟಿ ಚಿಕ್ಕಿ ತರ ಆದವು. ಹಾಳಾದ್ದು ಸುಮಾರು 300 ಕೆಜಿ. ಎರಡನೇ ತಪ್ಪು ಟಾರ್ಪಾಲಿನದು. ಬಿದಿರಿನ ಮೇಜಿನ ಮೇಲೆ ಗೂಡಿನ ಹಾಗೆ ಕಟ್ಟಿ, ಮಳೆ ಬಂದಾಗ ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದೆ. ಬೆಳಗ್ಗೆ ತೆರೆದರೆ ಒಳಗಡೆ ಇಡ್ಲಿ ಪಾತ್ರೆ! ಹಬೆ ಹನಿಯಾಗಿ ಕಾಫಿ ಮೇಲೇ ತೊಟ್ಟಿಕ್ಕುತ್ತಿತ್ತು. ನಾಲ್ಕನೇ ದಿನಕ್ಕೆ ಬಿಳಿ ಬೂಸ್ಟು. ಟೋಕೆ ಬಂದು ಒಂದು ಹಿಡಿ ಮೂಸಿ, ಏನೂ ಮಾತಾಡದೆ ಅರ್ಧ ರೇಟು ಹೇಳಿದ. ಕೊಟ್ಟೆ. ಏನ್ ಮಾಡೋದು?

ಎರಡನೇ ಸೀಸನ್‌ನಲ್ಲಿ ಕಾಫಿ ಚೆನ್ನಾಗಿಯೇ ಒಣಗಿತು. ಚೀಲ ಕಟ್ಟಿ ಸಿಮೆಂಟ್ ನೆಲದ ಮೇಲಿಟ್ಟೆ. ಶೇಕಡಾ ಹನ್ನೊಂದಿದ್ದ ತೇವ ತಿಂಗಳಲ್ಲಿ ಹದಿನಾಲ್ಕಕ್ಕೆ ಹೋಗಿತ್ತು. ಒಳಗೊಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲ ಹಾಕಿ ಮರದ ಹಲಗೆ ಮೇಲಿಡಬೇಕಿತ್ತು ಅಷ್ಟೇ. ಊರಲ್ಲಿ ಅಪ್ಪ ಚಿಕ್ಕಂದಿನಿಂದ ಬೈದು ಹೇಳಿಕೊಟ್ಟ ಪಾಠ ಇದು. ಎರಡು ಸೀಸನ್, ಶೆಡ್ಡಿನ ಖರ್ಚು ಎಲ್ಲ ಸೇರಿ ಆರು ಕೋಟಿ ಹೋಯಿತು. ಗಾಬರಿ ಬೇಡ, ರುಪಿಯಾ ಲೆಕ್ಕ. ನಮ್ಮ ದುಡ್ಡಲ್ಲಿ ಮೂರು ಲಕ್ಷದ ಹತ್ತಿರ. ಹೆಂಡತಿಯ ಎರಡು ಬಳೆ ಚಿಕ್ಕಮಗಳೂರಿನಲ್ಲಿ ಗಿರವಿಗೆ ಹೋದವು. ಆ ವಿಷಯ ಈಗಲೂ ಮನೆಯಲ್ಲಿ ಎತ್ತಂಗಿಲ್ಲ.

ಇಷ್ಟಾದರೂ ಮಳೆಯನ್ನು ದೊಡ್ಡ ತೊಂದರೆ ಅನ್ನಲ್ಲ. ತೊಂದರೆ ಇದ್ದದ್ದು ಸಂಜೆಯ ದುಡ್ಡಿನಲ್ಲಿ. ಗಿಲಿಂಗ್ ಬಾಸಾದಲ್ಲಿ ಮರುದಿನವೇ ಕೈಗೆ ಕಾಸು ಬರುತ್ತದೆ. ಅಕ್ಕಿ, ಸಿಗರೇಟು, ಮಕ್ಕಳ ಫೀಸು ಎಲ್ಲ ಅದರಲ್ಲೇ. ನನ್ನದಕ್ಕೆ ಮೂರು ವಾರ ಕಾಯಬೇಕು. "ಮೂರು ವಾರ ನೀನು ಅನ್ನ ಹಾಕ್ತೀಯಾ?" ಅಂತ ಒಬ್ಬಾಕೆ ನೇರವಾಗಿ ಕೇಳಿದರು. ಇನ್ನೊಂದು ಕಾರಣ ನನ್ನ ಪಾಲುದಾರನ ಅತ್ತೆ ಹೇಳಿದ್ದು. 2005ರಲ್ಲಿ ಶಾಂತಿ ಒಪ್ಪಂದ ಆಗುವವರೆಗೆ ಆಚೆಯಲ್ಲಿ ಬಂದೂಕಿನ ಗಲಾಟೆ. ಎಷ್ಟೋ ಜನ ತೋಟ ಬಿಟ್ಟು ಓಡಿದ್ದರು. "ಆಗ ಮನೆಯಲ್ಲಿ ಕಾಫಿ ಇಟ್ಟುಕೊಂಡು ಯಾರು ಮಲಗ್ತಿದ್ರು?" ಅಂದರು. ಅಭ್ಯಾಸ ಅಲ್ಲಿಂದಲೇ ಗಟ್ಟಿಯಾಗಿರಬೇಕು.

ಹಾಗಾಗಿ ಪಾರ್ಚ್‌ಮೆಂಟ್ ಕೊಳ್ಳೋದು ಬಿಟ್ಟು ಹಣ್ಣನ್ನೇ ಕೊಂಡೆ. ಅದೂ ಸಂಜೆ ನಗದು. ಆಗ ಹಣ್ಣಿಗೆ ಕೆಜಿಗೆ 9,000 ರುಪಿಯಾ ಇತ್ತು, ಕೆಂಪಗಿದ್ದರೆ ಸಾವಿರ ಜಾಸ್ತಿ ಕೊಟ್ಟೆ. ಕಾಯುವ ಕಷ್ಟ ನನ್ನ ತಲೆ ಮೇಲೆ ಬಂತು. ಆರೂವರೆ ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ, ಕೂಲಿ ಎಲ್ಲ ಸೇರಿ 75,000ದ ಆಸುಪಾಸು ಬೀಳುತ್ತಿತ್ತು. ಮೂರನೇ ಸೀಸನ್‌ನ ಮೊದಲ ಲಾಟ್ 400 ಕೆಜಿ. ಕಾಫಿ ಹುರಿದು ಮಾರುವ ಜಕಾರ್ತದ ಒಬ್ಬ ರೋಸ್ಟರ್ ಕೆಜಿಗೆ 1,05,000 ರುಪಿಯಾದಂತೆ ತೆಗೆದುಕೊಂಡ. ಕಪ್ ರುಚಿ ನೋಡಿ ಅವನು ಇದು ಸುಮಾತ್ರಾದ್ದೇ ಅಲ್ಲ ಅಂದ. ಬಿಲ್ ತೋರಿಸಬೇಕಾಯಿತು. ಬಳೆ ಆ ವರ್ಷವೇ ಬಿಡಿಸಿದೆ.

ಮಾಡಿದ್ದು ಇಷ್ಟು. ತೊಟ್ಟಿಯಲ್ಲಿ ಮೂವತ್ತಾರು ಗಂಟೆ, ತುಂಬ ಚಳಿ ಇದ್ದರೆ ನಲವತ್ತು. ಗಡಿಯಾರ ಬಿಟ್ಟೆ. ಈಗ ಕೋಲು ಚುಚ್ಚಿ ತೆಗೆದಾಗ ತೂತು ಹಾಗೇ ನಿಂತರೆ ತೊಳೆಯುತ್ತೇನೆ. ಮೇಜು ಸೊಂಟದೆತ್ತರ, ಬಲೆ ಹಾಸು, ಮೊದಲ ಮೂರು ದಿನ ಒಂದು ಬೆರಳಿಗಿಂತ ದಪ್ಪ ಹರಡಲ್ಲ. ಮೇಲೆ ಬಿಸಿಲಿಗೆ ಬೇಗ ಹಾಳಾಗದ ಯುವಿ ಪ್ಲಾಸ್ಟಿಕ್‌ನ ಸುರಂಗ, ಎರಡೂ ತುದಿ ಸದಾ ತೆರೆದೇ ಇರಬೇಕು. ಮೇಲುಗಡೆ ಗಾಳಿಕಿಂಡಿ ಎಲ್ಲಿ ಬಿಟ್ಟಿದ್ದೇನೆ, ಯಾವ ಮುಖಕ್ಕೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮೂರು ಲಕ್ಷ ಕೊಟ್ಟು ಕಲಿತದ್ದು ಅಲ್ವಾ. ಹದಿನೆಂಟರಿಂದ ಇಪ್ಪತ್ತೆರಡು ದಿನಕ್ಕೆ ತೇವ ಹನ್ನೊಂದಕ್ಕೆ ಇಳಿಯುತ್ತದೆ. ಅರ್ಧ ಒಣಗಿದಾಗ ಒಂದು ರಾತ್ರಿ ರಾಶಿ ಹಾಕಿ ಮುಚ್ಚುತ್ತೇನೆ. ಯಾವ ರಾತ್ರಿ ಅಂತ ಹಲ್ಲಲ್ಲಿ ಕಚ್ಚಿ ನೋಡಿದರೆ ಗೊತ್ತಾಗುತ್ತದೆ, ಬಂದರೆ ತೋರಿಸುತ್ತೇನೆ.

ಮಧ್ಯೆ ಒಂದು ಹುಚ್ಚು. ಇಲ್ಲಿ ಹಳೇ ತೋಟಗಳಲ್ಲಿ ಜೆಂಬೆರ್ ಅನ್ನುವ ಗಿಡ ಸಿಗುತ್ತದೆ. ಎಲೆ ನೋಡಿದ ತಕ್ಷಣ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಅದು ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್ 795 ತಳಿ! ಪೂರ್ವ ಜಾವಾದ ಜೆಂಬೆರ್‌ನ ಸಂಶೋಧನಾ ಕೇಂದ್ರದಿಂದ ಹಂಚಿದ್ದಕ್ಕೆ ಇಲ್ಲಿ ಆ ಹೆಸರು. ನಲವತ್ತು ಗಿಡ ಹುಡುಕಿ, ಬೇರೆ ಕುಯ್ಸಿ, ಬೇರೆ ತೊಟ್ಟಿ, ಬೇರೆ ಮೇಜು. ಬಂದದ್ದು 22 ಕೆಜಿ. ರುಚಿ ಪರವಾಗಿಲ್ಲ ಅನ್ನುವಷ್ಟೇ. ಪಕ್ಕದ ತಿಮ್‌ತಿಮ್ ಅನ್ನುವ ತಳಿಯ ಲಾಟೇ ಇದಕ್ಕಿಂತ ಚೆನ್ನಾಗಿತ್ತು. ಎರಡು ಕೆಜಿ ಊರಿಗೆ ಒಯ್ದೆ. ಅಪ್ಪ ಚಿಕೋರಿ ಹಾಕದೆ ಕುಡಿದು, "ನಮ್ಮ ತೋಟದ್ದೇ ತರ ಇದೆ, ಅಷ್ಟು ದೂರ ಯಾಕೆ ಹೋಗಿದ್ದೆ?" ಅಂದರು. ಸಿಪ್ಪೆ ಒಣಗಿಸಿ ಟೀ ಮಾಡೋ ಪ್ರಯೋಗವೂ ಆಯಿತು. ಇರುವೆಗಳಿಗೆ ಇಷ್ಟ ಆಯಿತು.

ಕಳೆದ ಸೀಸನ್‌ನಲ್ಲಿ ಹಳ್ಳಿಯಲ್ಲಿ ಇನ್ನೂ ನಾಲ್ಕು ಮನೆಯವರು ಸುರಂಗ ಹಾಕಿದರು. ನಕ್ಕಿದ್ದ ಟೋಕೆಯೂ ಒಂದು ಸಂಜೆ ಅಳತೆ ಟೇಪ್ ಹಿಡಿದು ಬಂದ. ಮೇಜಿನ ಎತ್ತರ ಅಳೆದ, ಬಲೆಯ ಕಣ್ಣು ಎಣಿಸಿದ, ಪ್ಲಾಸ್ಟಿಕ್ ಎಲ್ಲಿ ಸಿಗುತ್ತೆ ಅಂತ ಕೇಳಿದ. ಮೆದಾನ್‌ನ ಅಂಗಡಿ ಹೇಳಿದೆ. ಆಮೇಲೆ ತಲೆ ಎತ್ತಿ ಸುರಂಗದ ಮೇಲುಗಡೆ ನೋಡೋಕೆ ಶುರು ಮಾಡಿದ. ಅಷ್ಟರಲ್ಲಿ ಕತ್ತಲಾಗಿತ್ತು. ನಾನೂ ದೀಪ ಹಾಕಲಿಲ್ಲ.