ಹೆರಿಗೆ ರಜೆ ಸಂಬಳ: ಬಾಯಲ್ಲಿ ಕೇಳಲಿಲ್ಲ, ಲೆಕ್ಕ ಬರೆದು ಕೊಟ್ಟೆ

ತುಮಕೂರಿನ ಶೋರೂಂ ಒಂದರಲ್ಲಿ ಅಕೌಂಟ್ಸ್ ನೋಡುವ ಕೆಲಸ ನನ್ನದು. ತಿಂಗಳಿಗೆ 23,400 ರೂಪಾಯಿ ಸಂಬಳ. ಹೆರಿಗೆ ರಜೆ ಅಂದಾಗ ಬಂದ ಉತ್ತರ, "ನೋಡಮ್ಮ, ನಮ್ಮಲ್ಲಿ ಆ ಪದ್ಧತಿ ಇಲ್ಲ." ಪದ್ಧತಿ ಇದೆಯೋ ಇಲ್ಲವೋ ಅನ್ನುವ ವಾದಕ್ಕೆ ನಾನು ಇಳಿಯಲಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಶೋರೂಂಗಳಿಗೆ ಇದು ಕಾನೂನು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಹಕ್ಕುಗಳು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಬಂದಿವೆ. "ಹಳೇ ಕಾಯ್ದೆ ಹೋಯ್ತಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ಸಂಬಳ ಸಹಿತ 26 ವಾರದ ರಜೆ ಹಾಗೇ ಇದೆ.

ಮೊದಲು ಮಾಡಬೇಕಾದ್ದು ಸಂಬಳದ ಚೀಟಿ ತೆಗೆದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡುವುದು. ಹಣ ಯಾರನ್ನು ಕೇಳಬೇಕು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಸಂಬಳ 21,000ದೊಳಗಿದ್ದು ಇಎಸ್‌ಐ ಇದ್ದರೆ ದುಡ್ಡು ಕೊಡುವುದು ಇಎಸ್‌ಐ ನಿಗಮ, ಮಾಲೀಕರಲ್ಲ. ಆಗ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಕ್ಕಾದರೂ ವಂತಿಗೆ ಕಟ್ಟಿರಬೇಕು. ಅವಧಿ ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಇಲ್ಲಿ ಆಗುವ ಎಡವಟ್ಟು ಒಂದೇ: ಚೀಟಿಯಲ್ಲಿ ಕಡಿತ ಕಾಣುತ್ತದೆ (18,000ಕ್ಕೆ 0.75 ಪರ್ಸೆಂಟ್ ಅಂದರೆ 135 ರೂಪಾಯಿ), ಆದರೆ ಅದು ನಿಗಮಕ್ಕೆ ಹೋಗಿರುವುದಿಲ್ಲ. ಇಎಸ್‌ಐ ಪೋರ್ಟಲ್‌ಗೆ ನಿಮ್ಮ ವಿಮಾ ನಂಬರಿನಲ್ಲಿ ಲಾಗಿನ್ ಆಗಿ ತಿಂಗಳು ತಿಂಗಳು ನೋಡಿ. ಇದನ್ನು ಏಳನೇ ತಿಂಗಳಲ್ಲಿ ನೋಡಿದರೆ ತಡ, ಮೂರನೆಯದರಲ್ಲೇ ನೋಡಿ.

ನನ್ನದು ಮಿತಿ ದಾಟಿದ ಸಂಬಳ, ಹಾಗಾಗಿ ಮಾಲೀಕರೇ ಕೊಡಬೇಕು. ಅರ್ಹತೆ ಇಷ್ಟೇ: ಡಾಕ್ಟರು ಕೊಟ್ಟ ಹೆರಿಗೆ ದಿನಾಂಕಕ್ಕಿಂತ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ. ಪ್ರೊಬೇಷನ್ ಮುಗಿದಿರಬೇಕು, ವರ್ಷ ತುಂಬಿರಬೇಕು ಅನ್ನುವುದೆಲ್ಲ ಸುಳ್ಳು. ಕೆಲವು ಹಳೇ ಅಕೌಂಟೆಂಟರು ಇನ್ನೂ 160 ದಿನ ಅನ್ನುತ್ತಾರೆ. ಅದು 1988ರಲ್ಲೇ 80ಕ್ಕೆ ಇಳಿದಿದೆ. ಬದುಕಿರುವ ಇಬ್ಬರು ಮಕ್ಕಳು ಆಗಲೇ ಇದ್ದರೆ ಮಾತ್ರ 26ರ ಬದಲು 12 ವಾರ.

ಈಗ ಲೆಕ್ಕ. ಜಗಳ ಹುಟ್ಟುವುದೇ ಇಲ್ಲಿ. ರಜೆಗೆ ಹೋಗುವ ಮುಂಚಿನ ಮೂರು ತಿಂಗಳ ಸಂಬಳದ ದಿನದ ಸರಾಸರಿ ತೆಗೆಯಬೇಕು. ನಮ್ಮ ಆಫೀಸು 23,400ನ್ನು 30ರಿಂದ ಭಾಗಿಸಿ ದಿನಕ್ಕೆ 780 ಅಂತ ತೆಗೆದು, ವಾರಕ್ಕೆ ಆರು ದಿನದಂತೆ 156 ದಿನಕ್ಕೆ 1,21,680 ರೂಪಾಯಿ ತೋರಿಸಿತು. ಭಾಗಿಸುವಾಗ ಭಾನುವಾರ ಸೇರಿಸಿಕೊಂಡು, ಗುಣಿಸುವಾಗ ಭಾನುವಾರ ಬಿಡುವುದು! ವಾರ ಅಂದರೆ ಏಳು ದಿನ, ಭಾನುವಾರವೂ ಲೆಕ್ಕಕ್ಕೆ ಸೇರಬೇಕು ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಬಿ. ಷಾ ಪ್ರಕರಣದಲ್ಲಿ ಹೇಳಿದೆ. 182 ದಿನಕ್ಕೆ 780ರಂತೆ 1,41,960. ವ್ಯತ್ಯಾಸ 20,280. ಈ ಒಂದು ಗುಣಾಕಾರವನ್ನು ಬಿಳಿ ಹಾಳೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸಿದೆ. ಅಕೌಂಟ್ಸ್‌ನವರಿಗೆ ಕಾನೂನಿನ ಭಾಷೆಗಿಂತ ಅಂಕಿ ಬೇಗ ಅರ್ಥವಾಗುತ್ತದೆ, ನಾನೂ ಅದೇ ಜಾತಿ.

ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕೆಂದಿಲ್ಲ. ನಾನು 4 ವಾರ ಇಟ್ಟೆ, ಮಗು ಬಂದ ಮೇಲೆ ಹೆಚ್ಚು ದಿನ ಸಿಗಲಿ ಅಂತ. ಹಾಗಾಗಿ ಮುಂಗಡ 28 ದಿನಕ್ಕೆ 21,840, ಹೆರಿಗೆಯ ನಂತರ 154 ದಿನಕ್ಕೆ 1,20,120. ಮುಂಗಡಕ್ಕೆ ಗರ್ಭಿಣಿ ಅನ್ನುವ ದಾಖಲೆ ಕೊಡಬೇಕು: ತಾಯಿ ಕಾರ್ಡಿನಲ್ಲಿ ಹೆರಿಗೆ ದಿನಾಂಕ ಬರೆದಿರುವ ಪುಟದ ನಕಲು, ಜೊತೆಗೆ ಡಾಕ್ಟರ ಪ್ರಮಾಣಪತ್ರ. ಉಳಿದದ್ದು, ಹೆರಿಗೆ ಆಯಿತೆಂಬ ದಾಖಲೆ ಕೊಟ್ಟ 48 ಗಂಟೆಯೊಳಗೆ. ಡಿಸ್ಚಾರ್ಜ್ ಸಮ್ಮರಿಯ ಎರಡು ನಕಲು ಮನೆಯವರ ಕೈಯಲ್ಲಿ ಕಳಿಸಿ, ಜನನ ಪ್ರಮಾಣಪತ್ರ ಬಂದಾಗ ಅದನ್ನೂ ಸೇರಿಸಿ. ಆಫೀಸಿನವರು ಆಸ್ಪತ್ರೆ ಆರೈಕೆ ಉಚಿತವಾಗಿ ಒದಗಿಸದಿದ್ದರೆ ಇದರ ಮೇಲೆ 3,500 ವೈದ್ಯಕೀಯ ಬೋನಸ್ಸೂ ಬರಬೇಕು. ಕೇಳದೆ ಇದ್ದರೆ ಯಾರೂ ಕೊಡುವುದಿಲ್ಲ.

ಅರ್ಜಿ ಒಂದೇ ಪುಟ: ಸೇರಿದ ದಿನ, ಹೆರಿಗೆ ದಿನಾಂಕ, ರಜೆ ಶುರುವಾಗುವ ದಿನ, ಬರಬೇಕಾದ ಮೊತ್ತ, ಬ್ಯಾಂಕ್ ಖಾತೆ, ನಾನು ಇಲ್ಲದಿದ್ದರೆ ಹಣ ಯಾರಿಗೆ, ರಜೆಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ ಅನ್ನುವ ಒಂದು ಸಾಲು. ಆ ಸಾಲು ತಮಾಷೆಯಲ್ಲ. ರಜೆಯಲ್ಲಿ ಮನೆಯಲ್ಲೇ ಕೂತು ಇನ್ನೊಂದು ಅಂಗಡಿಗೆ ಜಿಎಸ್‌ಟಿ ರಿಟರ್ನ್ಸ್ ಮಾಡಿಕೊಟ್ಟರೆ ಹಕ್ಕೇ ಕೈತಪ್ಪಬಹುದು. ಎರಡು ಪ್ರತಿ ಮಾಡಿ, ಒಂದಕ್ಕೆ ಇನ್‌ವರ್ಡ್ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಟ್ರ್ಯಾಕಿಂಗ್ ಪುಟ ಪ್ರಿಂಟ್ ತೆಗೆದಿಡಿ. ವಾಟ್ಸಾಪ್‌ನಲ್ಲಿ ಬಂದ ನೀಲಿ ಟಿಕ್ಕನ್ನು ಮಾತ್ರ ನಂಬಿ ಕೂರಬೇಡಿ.

"ರಾಜೀನಾಮೆ ಕೊಟ್ಟುಬಿಡಮ್ಮ, ಆರು ತಿಂಗಳಾದ ಮೇಲೆ ಮತ್ತೆ ತಗೋತೀವಿ" ಅನ್ನುವುದು ಎಲ್ಲಕ್ಕಿಂತ ಅಪಾಯದ ಮಾತು. ಸಹಿ ಹಾಕಿದರೆ ನೀವಾಗೇ ಬಿಟ್ಟಿರಿ ಅಂತಾಗುತ್ತದೆ, ಆಮೇಲೆ ಒತ್ತಾಯವಿತ್ತು ಅಂತ ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ. ಖಾಲಿ ಹಾಳೆಗೂ ಸಹಿ ಬೇಡ. ನೇಮಕಾತಿ ಪತ್ರದಲ್ಲಿ "ಹೆರಿಗೆ ರಜೆ ಮೂರು ತಿಂಗಳು" ಅಂತ ಬರೆದು ಸಹಿ ಹಾಕಿಸಿಕೊಂಡಿದ್ದರೂ ಕಾನೂನಿಗಿಂತ ಕಡಿಮೆ ಕೊಡುವ ಷರತ್ತು ನಿಲ್ಲುವುದಿಲ್ಲ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತೆಯೂ ಇಲ್ಲ. ತೆಗೆದರೆ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಬಾಣಂತನದಲ್ಲಿ ಈ ದಿನಗಳು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಕಳೆದುಹೋಗುತ್ತವೆ. ಆದೇಶ ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಅರ್ಜಿಗೆ ಹದಿನೈದು ದಿನ ಉತ್ತರ ಬರದೇ ಹೋದಾಗ ನಾನು ಜ್ಞಾಪನಾ ಪತ್ರ ಕೊಟ್ಟೆ. ಅದರ ಕೊನೆಯಲ್ಲಿ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಪ್ರತಿ ಅಂತ ಬರೆದು, ನಿಜವಾಗಿಯೂ ಕಳಿಸಿದೆ. ದೂರಿನ ಜೊತೆ ಸೀಲಾದ ಅರ್ಜಿ, ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಲೆಕ್ಕದ ಹಾಳೆ ಇರಲಿ. ಸಂಬಳ ಕೈಗೆ ಕೊಡುತ್ತಿದ್ದರೆ ಹಾಜರಿ ಪುಸ್ತಕದ ಫೋಟೊ, ಕೆಲಸದ ಮೆಸೇಜುಗಳು. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಕೆಲಸಕ್ಕೆ ಮರಳುವ ದಿನವೂ ಹಾಜರಾದ ಪತ್ರ ಎರಡು ಪ್ರತಿ. ಅದರಲ್ಲೇ, ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಬೇಕು ಅಂತ ಸಮಯ ಸಮೇತ ಬರೆಯಿರಿ. ನಾನು ಹನ್ನೊಂದೂವರೆ, ಮೂರೂವರೆ ಅಂತ ಬರೆದಿದ್ದೆ.