ಪೇಸ್ಟ್‌ಗಿಂತ ಮೊದಲು ಕೂಲರ್ ಸರಿಯಾಗಿ ಕೂರಬೇಕು

ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಏಪ್ರಿಲ್, ಮೇ ಬಂತೆಂದರೆ ಒಂದೇ ನಮೂನೆಯ ಫೋನ್‌ಗಳು. 'ಫ್ಯಾನ್ ಸಿಕ್ಕಾಪಟ್ಟೆ ಕೂಗ್ತದೆ', 'ಕೆಲಸದ ಮಧ್ಯ ತನ್ನಷ್ಟಕ್ಕೆ ಬಂದ್ ಆಗ್ತದೆ'. ಬಿಚ್ಚಿ ನೋಡಿದರೆ ಎಷ್ಟೋ ಸಲ ಪ್ರೊಸೆಸರ್ ಮತ್ತು ಅದರ ಶಾಖ ಎಳೆಯುವ ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದೇ ಇರುತ್ತದೆ, ಅದೂ ಧಾರಾಳವಾಗಿ. ಆದರೂ ಪ್ರೊಸೆಸರ್ ಕುದಿಯುತ್ತಿರುತ್ತದೆ.

ಪೇಸ್ಟ್ ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ. ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳ, ಕೂಲರಿನ ತಳ, ಎರಡೂ ಕಣ್ಣಿಗೆ ನುಣುಪು. ಆದರೆ ಒಂದರ ಮೇಲೊಂದು ಇಟ್ಟಾಗ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿದು, ಅಲ್ಲಿ ಗಾಳಿ ನಿಲ್ಲುತ್ತದೆ. ಶಾಖ ಸಾಗಿಸುವ ಲೆಕ್ಕದಲ್ಲಿ (ಒಂದು ಮೀಟರಿಗೆ, ಒಂದು ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು) ತಾಮ್ರ ಸುಮಾರು 400 ಇದ್ದರೆ ಗಾಳಿ ಬರೀ 0.026. ಒಳ್ಳೆಯ ಪೇಸ್ಟ್ 4ರಿಂದ 10ರ ಆಸುಪಾಸು. ಅಂದರೆ ಗಾಳಿಗಿಂತ ನೂರಾರು ಪಟ್ಟು ಮೇಲು, ತಾಮ್ರದ ಮುಂದೆ ಮಾತ್ರ ಏನೇನೂ ಅಲ್ಲ. ಹಾಗಾಗಿ ಪೇಸ್ಟ್ ಸಂದು ತುಂಬುವಷ್ಟಿದ್ದರೆ ಸಾಕು, ಉಳಿದ ಕಡೆ ಲೋಹಕ್ಕೆ ಲೋಹ ಆದಷ್ಟು ಹತ್ತಿರ ಬರಬೇಕು. ಅದನ್ನು ಮಾಡುವುದು ಕೂಲರಿನ ಬಿಗಿ.

ಪೇಟೆಯಲ್ಲಿ ಡಿಟಿಪಿ ಸೆಂಟರ್ ನಡೆಸುವ ಅಕ್ಕನೊಬ್ಬರ ಮಷಿನ್ ಇದಕ್ಕೆ ಸರಿಯಾದ ಉದಾಹರಣೆ. ಮದುವೆ ಸೀಸನ್, ಕಾಗದ ಪ್ರಿಂಟ್ ಮಾಡಲು ಪುರಸೊತ್ತಿಲ್ಲ. 'ತಮಾ, ಪೇಸ್ಟ್ ಹಚ್ಚಿಸಿ ತಿಂಗಳೂ ಆಗ್ಲಿಲ್ಲ, ಮತ್ತೆ ಅದೇ ಕತೆ' ಎಂದರು. ಕೂಲರ್ ಎತ್ತಿದ ಕೂಡಲೇ ನಾನು ನೋಡಿದ್ದು ಪೇಸ್ಟಿನ ಅಚ್ಚು. ಒಂದು ಬದಿಯಲ್ಲಿ ತೆಳುವಾಗಿ ಹರಡಿ ಕೆಳಗಿನ ಲೋಹ ಕಾಣುತ್ತಿತ್ತು. ಎದುರು ಮೂಲೆಯಲ್ಲಿ ಹಚ್ಚಿದಾಗ ಹೇಗಿತ್ತೋ ಹಾಗೆಯೇ ದಪ್ಪಗೆ ಬಿದ್ದಿತ್ತು, ಕೂಲರ್ ಅಲ್ಲಿಗೆ ತಾಗಿರಲೇ ಇಲ್ಲ. ಇಂಟೆಲ್ ಬಾಕ್ಸಿನ ಜೊತೆ ಬರುವ ಕೂಲರಿಗೆ ಇರುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಪೂರ್ತಿ ಇಳಿದಿರಲಿಲ್ಲ.

ಈ ಪಿನ್‌ಗಳ ತಲೆಯ ಮೇಲೆ ಬಾಣದ ಗುರುತಿದೆ. ಅದು ಬಿಚ್ಚುವಾಗ ತಿರುಗಿಸುವ ದಿಕ್ಕು. ಕೂರಿಸುವ ಮೊದಲು ನಾಲ್ಕನ್ನೂ ಬಾಣದ ವಿರುದ್ಧಕ್ಕೆ ತಿರುಗಿಸಿಟ್ಟುಕೊಂಡು, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತುತ್ತೇನೆ. ಟಕ್ ಅಂತ ಸದ್ದು ಕೇಳಬೇಕು. ಸದ್ದನ್ನಷ್ಟೇ ನಂಬುವುದಿಲ್ಲ, ಸಾಧ್ಯವಾದರೆ ಮದರ್‌ಬೋರ್ಡಿನ ಹಿಂಬದಿ ತಿರುಗಿಸಿ ನೋಡುತ್ತೇನೆ. ನಾಲ್ಕೂ ತೂತುಗಳಲ್ಲಿ ಸೀಳಿದ ಕಾಲು ಅಗಲವಾಗಿ, ನಡುವೆ ಕಪ್ಪು ಪಿನ್ ಇಳಿದಿರುವುದು ಕಾಣಬೇಕು. ಸ್ಕ್ರೂ ಇರುವ ಕೂಲರ್ ಆದರೆ ಒಂದನ್ನೇ ಕೊನೆತನಕ ಬಿಗಿಯಬಾರದು. ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ನನ್ನ ಹೆಚ್ಚಿನ ಹೊತ್ತು ಹೋಗುವುದು ಹಳೆಯದನ್ನು ತೆಗೆಯುವುದಕ್ಕೆ. ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್, ಕನ್ನಡಕ ಒರೆಸುವಂಥ ನೂಲು ಬಿಡದ ಬಟ್ಟೆ, ಇಷ್ಟೇ. ಬಟ್ಟೆಯಲ್ಲಿ ಬೂದು ಬಣ್ಣ ಕಾಣದಾಗುವ ತನಕ ಎರಡೂ ಮುಖ ಒರೆಸಿ, ಆರಲು ಬಿಡುತ್ತೇನೆ. ಆಮೇಲೆ ಅಲ್ಲಿ ಬೆರಳು ಇಡುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಹಣೆಯ ಬೆವರು ಬೋರ್ಡಿಗೆ ಬೀಳದ ಹಾಗೆ ತಲೆಗೆ ಟವೆಲ್ ಸುತ್ತಿಕೊಂಡೇ ಕೂರಬೇಕಾಗುತ್ತದೆ.

ಹಚ್ಚುವುದು ಕ್ಷಣದ ಕೆಲಸ. ನಡುಮಧ್ಯೆ ಒಂದು ದಪ್ಪ ಕಾಳುಮೆಣಸಿನಷ್ಟು ಪೇಸ್ಟ್ ಇಟ್ಟು ಕೂಲರನ್ನು ನೇರವಾಗಿ ಇಳಿಸುತ್ತೇನೆ. ಒತ್ತಡಕ್ಕೆ ಅದೇ ಹರಡುತ್ತದೆ. 12ನೇ ತಲೆಮಾರಿನಿಂದ ಇಂಟೆಲ್ ಪ್ರೊಸೆಸರ್ ಉದ್ದಕ್ಕಾಗಿರುವುದರಿಂದ ಅಲ್ಲಿ ಸಣ್ಣ ಗೆರೆ ಎಳೆಯುತ್ತೇನೆ. ಲ್ಯಾಪ್‌ಟಾಪಿನಲ್ಲಿ ಲೋಹದ ಮುಚ್ಚಳ ಇಲ್ಲದೆ ಸಿಲಿಕಾನ್ ಚಿಪ್ ನೇರವಾಗಿ ಮೇಲಿರುತ್ತದೆ, ಅದನ್ನು ಪೂರ್ತಿ ಮುಚ್ಚುವ ಹಾಗೆ ತೆಳುವಾಗಿ ಸವರಿ, ಸ್ಕ್ರೂ ಪಕ್ಕ ಬರೆದಿರುವ ನಂಬರಿನ ಕ್ರಮದಲ್ಲೇ ಬಿಗಿಯುತ್ತೇನೆ. ಹೊಸ ಕೂಲರಿನ ತಳದಲ್ಲಿ ಕಂಪನಿಯವರೇ ಪೇಸ್ಟ್ ಹಾಕಿದ್ದರೆ ಮತ್ತೆ ಹಾಕುವುದು ಬೇಡ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅದನ್ನು ಮಾತ್ರ ಮರೆಯದೆ ಕೀಳಬೇಕು.

ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಕೂಲರ್ ತೆಗೆಯುವುದೇ ನಾಜೂಕಿನ ಕೆಲಸ. ಅಲ್ಲಿ ಬೋರ್ಡಿಗೆ ಸಂಪರ್ಕ ಕೊಡುವ ಸಣ್ಣ ಲೋಹದ ಪಿನ್‌ಗಳು ಪ್ರೊಸೆಸರಿನ ತಳದಲ್ಲಿವೆ, ಒಟ್ಟು 1331. ಪೇಸ್ಟ್ ಒಣಗಿ ಹಿಡಿದುಕೊಂಡಿದ್ದಾಗ ಕೂಲರನ್ನು ನೆಟ್ಟಗೆ ಎಳೆದರೆ, ಲಾಕ್ ಹಾಕಿದ್ದರೂ ಪ್ರೊಸೆಸರ್ ಅದರ ಜೊತೆಗೇ ಕಿತ್ತುಬರಬಹುದು, ಪಿನ್ ಬಾಗಬಹುದು. ನಾನು ಮೊದಲು ಮಷಿನ್ ಓಡಿಸಿ, ಏನಾದರೂ ಭಾರದ ಕೆಲಸ ಕೊಟ್ಟು ಬಿಸಿ ಮಾಡುತ್ತೇನೆ. ಆಮೇಲೆ ಬಂದ್ ಮಾಡಿ, ವೈರ್ ಕಿತ್ತು, ಕ್ಲಿಪ್ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತೇನೆ. ಅಂಟು ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಆಗ ಎತ್ತುತ್ತೇನೆ. 2022ರಲ್ಲಿ ಬಂದ ಎಎಂ5ನಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಹಿಡಿದಿರುವುದರಿಂದ ಈ ಭಯ ಇಲ್ಲ.

ಶಿರಸಿಯಿಂದ ಬಂದ ಹುಡುಗನೊಬ್ಬ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್, ಅಂದರೆ ದ್ರವರೂಪದ ಲೋಹ, ಹಾಕಿಕೊಡಿ ಎಂದು ಹಟ ಹಿಡಿದಿದ್ದ. ಅವನ ಕೂಲರಿನ ತಳ ಅಲ್ಯೂಮಿನಿಯಂ. ಲಿಕ್ವಿಡ್ ಮೆಟಲ್‌ನಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಮೇಲಾಗಿ ವಿದ್ಯುತ್ ಹರಿಸುತ್ತದೆ, ಒಂದು ಹನಿ ಪಕ್ಕಕ್ಕೆ ಜಾರಿದರೂ ಬೋರ್ಡು ಹೋಯಿತು. 'ಬೇಡ ಮಾರಾಯ' ಎಂದು ಸಾದಾ ಪೇಸ್ಟ್ ಹಾಕಿಕೊಟ್ಟೆ. ಅವನ ಮಷಿನ್‌ಗೆ ನಿಜವಾಗಿ ಬೇಕಾಗಿದ್ದದ್ದು ಬ್ರಷ್ಷು. ಮನೆಯಲ್ಲಿ ಅಡಿಕೆ ಸುಗ್ಗಿಯ ಧೂಳು, ಕೂಲರಿನ ರೆಕ್ಕೆಗಳ, ಅಂದರೆ ಶಾಖ ಬಿಡುವ ತೆಳು ಲೋಹದ ಪಟ್ಟಿಗಳ, ನಡುವೆ ಕಂಬಳಿಯ ಹಾಗೆ ಕೂತಿತ್ತು. ಘಟ್ಟದ ಕೆಳಗೆ ಸಮುದ್ರದ ಉಪ್ಪುಗಾಳಿಗೆ ಅವೇ ರೆಕ್ಕೆಗಳ ಮೇಲೆ ಬಿಳಿ ಪುಡಿ ಏಳುತ್ತದೆ. ಎರಡನ್ನೂ ತೆಗೆಯದೆ ಪೇಸ್ಟ್ ಬದಲಿಸುವುದು ಗಿರಾಕಿಯ ದುಡ್ಡು ದಂಡ.

ಎಲ್ಲ ಜೋಡಿಸಿದ ಮೇಲೆ ಭಾರದ ಕೆಲಸ ಕೊಟ್ಟು ಉಷ್ಣತೆ ಏರುವ ವೇಗ ನೋಡುತ್ತೇನೆ. ಕೆಲವೇ ಸೆಕೆಂಡಿನಲ್ಲಿ 90 ಡಿಗ್ರಿ ದಾಟಿದರೆ ನನ್ನ ಮೊದಲ ಅನುಮಾನ ಕೂಲರ್ ಕೂತಿಲ್ಲ ಎಂದು, ಮತ್ತೆ ಬಿಚ್ಚುತ್ತೇನೆ. ನಿಧಾನಕ್ಕೆ ಏರುತ್ತಾ ಹೋಗಿ ನಿಲ್ಲದಿದ್ದರೆ ಫ್ಯಾನು, ರೆಕ್ಕೆ, ಕ್ಯಾಬಿನೆಟ್ಟಿನ ಗಾಳಿದಾರಿ ನೋಡುತ್ತೇನೆ. ಒಮ್ಮೆ ಎತ್ತಿದ ಕೂಲರನ್ನು ಅದೇ ಪೇಸ್ಟಿನ ಮೇಲೆ ವಾಪಸ್ ಇಡುವುದಿಲ್ಲ, ಒಳಗೆ ಗಾಳಿ ಸೇರಿಕೊಂಡಿರುತ್ತದೆ. ಒರೆಸಿ ಹೊಸದಾಗಿ ಹಚ್ಚುತ್ತೇನೆ. ಎಲ್ಲ ಸರಿಯಿದ್ದರೆ ಹಚ್ಚಿದ ತಾರೀಕನ್ನು ಕ್ಯಾಬಿನೆಟ್ಟಿನ ಒಳಬದಿಗೆ ಸ್ಟಿಕ್ಕರಿನಲ್ಲಿ ಬರೆದು ಅಂಟಿಸುತ್ತೇನೆ, ಮುಂದೆ ಬಿಚ್ಚುವವರು ಬೇರೆಯವರಾದರೂ ಅವರಿಗೆ ಗೊತ್ತಾಗಲಿ ಎಂದು.