ಮಂಗಳೂರು–ಉಡುಪಿ ಒಂದೇ ನಕ್ಷೆಯಲ್ಲಿ: ಎಚ್‌ಜಿಟಿ ಫೈಲನ್ನು ಜಿಯೋಟಿಫ್ ಮಾಡುವುದು ಹೇಗೆ?

ಮಂಗಳೂರು, ಉಡುಪಿ ಎರಡೂ ಸೇರಿದ ಎತ್ತರದ ನಕ್ಷೆ ಬೇಕು ಎಂದು ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರಾಡಾರ್ ಅಳೆದ ನೆಲದ ಎತ್ತರಗಳ) ಡೇಟಾ ಇಳಿಸಿಕೊಳ್ಳಲು ಹೋದರೆ ಎರಡು ಎಚ್‌ಜಿಟಿ ಫೈಲು ಬೇಕಾಗುತ್ತವೆ. ಒಂದೊಂದು ಫೈಲೂ ಒಂದು ಡಿಗ್ರಿಯ ಚೌಕ. 13ನೇ ಡಿಗ್ರಿ ಅಕ್ಷಾಂಶದ ಗೆರೆ ನಮ್ಮ ಸುರತ್ಕಲ್ ಹತ್ತಿರವೇ ಹಾದುಹೋಗುತ್ತದೆ. ಮಂಗಳೂರು ಗೆರೆಯ ಕೆಳಗೆ, ಉಡುಪಿ ಮೇಲೆ.

2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎತ್ತರಗಳಿವು. ಎಚ್‌ಜಿಟಿ ಫೈಲಿನೊಳಗೆ ಬರೀ ಅಂಕಿಗಳು: 3601 ಸಾಲು, ಸಾಲಿಗೆ 3601 ಅಂಕಿ. ಇದು ಯಾವ ಜಾಗ ಅಂತ ಒಳಗೆ ಎಲ್ಲೂ ಬರೆದಿಲ್ಲ. ವಿಳಾಸವೆಲ್ಲ ಹೆಸರಿನಲ್ಲೇ ಇದೆ. ಎನ್13ಇ074 ಅಂದರೆ ಚೌಕದ ಎಡಗಡೆಯ ಕೆಳಮೂಲೆ 13 ಡಿಗ್ರಿ ಉತ್ತರ, 74 ಡಿಗ್ರಿ ಪೂರ್ವದಲ್ಲಿದೆ. ಗುರುತಿಗಿರಲಿ ಎಂದು ಫೈಲಿಗೆ ‘ಉಡುಪಿ’ ಅಂತ ಹೆಸರಿಟ್ಟರೆ ವಿಳಾಸವೇ ಹೋಯಿತು! ಅದನ್ನು ಜಿಯೋಟಿಫ್, ಅಂದರೆ ಜಾಗದ ವಿಳಾಸವನ್ನೂ ಹೊತ್ತ ಚಿತ್ರ ಫೈಲು, ಮಾಡಿದ ಮೇಲೆ ವಿಳಾಸ ಫೈಲಿನೊಳಗೆ ಸೇರುತ್ತದೆ. ಆಮೇಲೆ ಯಾವ ಹೆಸರಿಟ್ಟರೂ ಸರಿ.

ಇದಕ್ಕೆ ಬೇಕಾದದ್ದು ಜಿಡಾಲ್ ಎಂಬ ಉಚಿತ ತಂತ್ರಾಂಶ. ವಿಂಡೋಸ್‌ನಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಹಾಕಿಕೊಂಡವರಿಗೆ ಜೊತೆಗೇ ಬಂದಿರುತ್ತದೆ. ಕಮಾಂಡ್ ಟೈಪ್ ಮಾಡುವ ಓಎಸ್‌ಜಿಯೋ4ಡಬ್ಲ್ಯೂ ಶೆಲ್ ಕಿಟಕಿ ತೆರೆದರಾಯಿತು. ಉಬುಂಟುವಿನಲ್ಲಿ ಜಿಡಾಲ್-ಬಿನ್ ಪ್ಯಾಕೇಜ್ ಹಾಕಿಕೊಳ್ಳಿ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ.

ಮೊದಲು ನೋಡಿ:
ಜಿಡಾಲ್‌ಇನ್ಫೋ ಎನ್13ಇ074.ಎಚ್‌ಜಿಟಿ
ಅಳತೆ 3601, 3601 ಎಂದೂ ನೋಡೇಟಾ -32768 ಎಂದೂ ಬರಬೇಕು. ರಾಡಾರ್‌ಗೆ ಎತ್ತರ ಸಿಗದ ಕಡೆ ತುಂಬುವ ಅಂಕಿ ಅದು.

ಈಗ ಎರಡನ್ನೂ ಜೋಡಿಸಿ:
ಜಿಡಾಲ್‌ಬಿಲ್ಡ್‌ವಿಆರ್‌ಟಿ ಕರಾವಳಿ.ವಿಆರ್‌ಟಿ ಎನ್12ಇ074.ಎಚ್‌ಜಿಟಿ ಎನ್13ಇ074.ಎಚ್‌ಜಿಟಿ
ವಿಆರ್‌ಟಿ ಒಂದು ಪುಟ್ಟ ಪಠ್ಯ ಫೈಲು ಅಷ್ಟೇ, ಅಂಕಿಗಳು ಇನ್ನೂ ಹಳೆಯ ಫೈಲುಗಳಲ್ಲೇ ಇವೆ. ಅವನ್ನು ಈಗಲೇ ಅಳಿಸಬೇಡಿ.

ಕೊನೆಗೆ:
ಜಿಡಾಲ್_ಟ್ರಾನ್ಸ್‌ಲೇಟ್ -ಓಎಫ್ ಜಿಟಿಫ್ -ಸಿಓ ಕಂಪ್ರೆಸ್=ಡಿಫ್ಲೇಟ್ ಕರಾವಳಿ.ವಿಆರ್‌ಟಿ ಕರಾವಳಿ.ಟಿಫ್
ಹಿಂದಿನ ಕಮಾಂಡ್‌ನಲ್ಲಿ ಹೊಸ ಫೈಲಿನ ಹೆಸರು ಮೊದಲು ಬಂದಿತ್ತು, ಇಲ್ಲಿ ಕೊನೆಗೆ. ಜಾಸ್ತಿ ಜನ ಎಡವುವುದು ಇಲ್ಲೇ.

ಡಿಫ್ಲೇಟ್‌ನಿಂದ ಫೈಲು ಚಿಕ್ಕದಾಗುತ್ತದೆ, ಒಂದು ಅಂಕಿಯೂ ಬದಲಾಗುವುದಿಲ್ಲ. ಇನ್ನೂ ಚಿಕ್ಕದಾಗಲಿ ಎಂದು ಅಂಕಿಯ ಬಗೆ ಬದಲಿಸುವ ‘-ಓಟಿ ಬೈಟ್’ ಸುಮ್ನೆ ಸೇರಿಸಬೇಡಿ. ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಅಂಕಿ ಹಿಡಿಸುವುದಿಲ್ಲ. ಕೊಲ್ಲೂರಿನ ಪಕ್ಕದ ಕೊಡಚಾದ್ರಿ ಉಡುಪಿಯ ಚೌಕದಲ್ಲೇ ಇದೆ. ಅದರ 1,343 ಮೀಟರ್ ಎತ್ತರ ಒಂದೇ ಏಟಿಗೆ 255 ಆಗಿಬಿಡುತ್ತದೆ.

ಹೊಸ ಫೈಲಿನ ಮೇಲೂ ಜಿಡಾಲ್‌ಇನ್ಫೋ ಓಡಿಸಿ, ಕನಿಷ್ಠ, ಗರಿಷ್ಠ ಎತ್ತರ ತೋರಿಸಲು ‘-ಎಂಎಂ’ ಸೇರಿಸಿ. ಅಳತೆ 3601, 7201 ಇರಬೇಕು. 7202 ಅಲ್ಲ, ಏಕೆಂದರೆ ಸುರತ್ಕಲ್ ಗೆರೆಯ ಸಾಲು ಎರಡೂ ಫೈಲಿಗೆ ಸೇರಿದ್ದು. ಗರಿಷ್ಠ ಎತ್ತರ ಸಾವಿರ ಮೀಟರ್ ದಾಟಿದ್ದರೆ ಕೊಡಚಾದ್ರಿ ಅದರ ಜಾಗದಲ್ಲೇ ಇದೆ, ಹಳೆಯ ಫೈಲುಗಳನ್ನು ಈಗ ಅಳಿಸಬಹುದು.